ನೂರು ಅರ್ಜಿ, ಒಂದೇ ಒಕ್ಕಣೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೆಗ್ಗೋಡಿನ ನಮ್ಮ ಮನೆಗೆ ಬಂದಿದ್ದ. ಬಿ.ಕಾಂ. ಮುಗಿಸಿ ಎರಡು ವರ್ಷವಾಗಿದೆ. "ನೂರು ಕಡೆ ಅರ್ಜಿ ಹಾಕಿದೆ ಮೇಷ್ಟ್ರೇ, ಒಬ್ಬರೂ ಕರೆಯಲಿಲ್ಲ" ಎನ್ನುತ್ತಾ ಮೊಬೈಲಿನಲ್ಲಿ ಅರ್ಜಿಯನ್ನು ತೋರಿಸಿದ. ಓದಿ ನಾಚಿಕೆಯಾಯಿತು. ಅದು ನಾನೇ ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದು ನಕಲು ಮಾಡಿಸಿದ ಪತ್ರ! ನಿಷ್ಠೆ, ಪ್ರಾಮಾಣಿಕತೆ, ಪರಿಶ್ರಮ ಎಲ್ಲವೂ ಇದ್ದವು. ಆ ಹುಡುಗನೊಬ್ಬ ಮಾತ್ರ ಅದರಲ್ಲಿರಲಿಲ್ಲ.

"ಕಲ್ಲು ಎಸೆಯುತ್ತಲೇ ಇರು, ಒಂದಾದರೂ ಮಾವಿನಕಾಯಿ ಬಿದ್ದೀತು" ಎಂದು ಹಿರಿಯರು ಮಕ್ಕಳಿಗೆ ಉಪದೇಶಿಸುತ್ತಾರೆ. ಈ ಉಪದೇಶವನ್ನು ನಾನು ಖಂಡತುಂಡವಾಗಿ ವಿರೋಧಿಸುತ್ತೇನೆ. ನಾವು ಅಡಿಕೆ ಬೆಳೆಯುವವರು. ರಾಶಿ, ಬೆಟ್ಟೆ, ಚಾಲಿ, ಕೋಕ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಸಾಗರದ ಮಂಡಿಗೆ ಒಯ್ಯುತ್ತೇವೆಯೇ? ಆರಿಸಿ ಬೇರ್ಪಡಿಸದ ಮಾಲಿಗೆ ದರವಿಲ್ಲವೆಂದು ಬಲ್ಲ ನಾವು, ಮಕ್ಕಳನ್ನು ಮಾತ್ರ ಹಾಗೆಯೇ ಚೀಲಕ್ಕೆ ತುಂಬಿ ಕಳುಹಿಸುತ್ತಿದ್ದೇವೆ.

ಕೆದಕಿ ಕೇಳಿದಾಗ ತಿಳಿಯಿತು: ಈತ ತಮ್ಮೂರಿನ ಹಾಲು ಉತ್ಪಾದಕರ ಸಂಘದ ಲೆಕ್ಕವನ್ನು ಒಂದೂವರೆ ವರ್ಷ ಬರೆದಿದ್ದಾನೆ, ಎಂಬತ್ತಕ್ಕೂ ಮಿಕ್ಕಿದ ಸದಸ್ಯರ ಖಾತೆಗಳನ್ನು ಪುಸ್ತಕದಿಂದ ಕಂಪ್ಯೂಟರಿಗೆ ಏರಿಸಿದ್ದಾನೆ. "ಇದನ್ನೇಕೆ ಬರೆಯಲಿಲ್ಲವೋ?" ಎಂದರೆ, "ಅದು ಊರ ಕೆಲಸ ಮೇಷ್ಟ್ರೇ, ಸಂಬಳ ಇರಲಿಲ್ಲ" ಎಂದ. ಉದ್ಯೋಗದಾತನಿಗೆ ಬೇಕಾದ ಒಂದೇ ಒಂದು ಸಂಗತಿಯನ್ನು ಆತ ಸಂಕೋಚದಿಂದ ಬಚ್ಚಿಟ್ಟಿದ್ದ!

ನಮ್ಮೂರನ್ನೇ ನೋಡಿ. 1949ರಲ್ಲಿ ಹುಟ್ಟಿದ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು, 1985ರಲ್ಲಿ ತಿರುಗಾಟವನ್ನು ಆರಂಭಿಸಿತು. 1991ರಲ್ಲಿ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದದ್ದು ಮಾಡಿ ತೋರಿಸಿದ ಕೆಲಸಕ್ಕೆ; ವಿಶೇಷಣಗಳಿಗಲ್ಲ.

"ಕೆಲಸಗಳೇ ಇಲ್ಲದಿರುವಾಗ ಪತ್ರ ತಿದ್ದಿ ಏನು ಪ್ರಯೋಜನ?" ಎಂದು ಕೆಲವರು ಕೇಳಬಹುದು. ಒಪ್ಪುತ್ತೇನೆ, ಇಲ್ಲದ ಕೆಲಸವನ್ನು ಯಾವ ಪತ್ರವೂ ಹುಟ್ಟಿಸದು. ಸರ್ಕಾರಿ ಹುದ್ದೆಗಳಲ್ಲಿ ಪರೀಕ್ಷೆಯ ಅಂಕಗಳೇ ಮಾತನಾಡುತ್ತವೆ, ಒಕ್ಕಣೆಯಲ್ಲ. ಆದರೆ ಅಲ್ಲಿಯೂ ಎಫ್.ಡಿ.ಎ., ಪೊಲೀಸ್, ಬ್ಯಾಂಕ್, ರೈಲ್ವೆ ಎಂದು ಏಕಕಾಲಕ್ಕೆ ನಾಲ್ಕು ದೋಣಿಗೆ ಕಾಲಿಟ್ಟವರು ಯಾವ ದಡವನ್ನೂ ಸೇರದಿರುವುದನ್ನು ಕಂಡಿದ್ದೇನೆ.

ಅಂದು ಸಂಜೆ ನಾವಿಬ್ಬರೂ ಕುಳಿತು, ಲೆಕ್ಕಪತ್ರದ ಕೆಲಸವಿರುವ ಮೂರೇ ಸ್ಥಳಗಳನ್ನು ಆರಿಸಿದೆವು. ಒಂದೊಂದು ಸಂಸ್ಥೆಯೂ ಏನು ಮಾಡುತ್ತದೆಂದು ತಿಳಿದು, ಮೂರು ಬೇರೆ ಬೇರೆ ಪತ್ರಗಳನ್ನು ಬರೆದೆವು. ಹಾಲಿನ ಸಂಘದ ಲೆಕ್ಕವೇ ಮೊದಲ ವಾಕ್ಯ. ಒಂದು ಕಡೆಯಿಂದ ಸಂದರ್ಶನಕ್ಕೆ ಕರೆ ಬಂದಿದೆ. ಕೆಲಸ ಸಿಕ್ಕೀತೋ ಇಲ್ಲವೋ, ಕಾಣೆ. ಆದರೆ ಎರಡು ವರ್ಷಗಳಲ್ಲಿ ಮೊದಲ ಬಾರಿಗೆ ಯಾರೋ ಅವನನ್ನು ಓದಿದ್ದಾರೆ.

ಶಿಕ್ಷಕ ಮಿತ್ರರೇ, ದಯವಿಟ್ಟು ಕರಿಹಲಗೆಯ ಮೇಲಿನ ಆ ಪತ್ರವನ್ನು ಅಳಿಸಿಬಿಡಿ. "ನೀನು ಏನು ಮಾಡಿದ್ದೀಯೆ, ಅದನ್ನು ಬರೆ" ಎಂದು ಪ್ರತಿ ಮಗುವಿಗೂ ಹೇಳಿ. ನಾನು ಹೇಳಲಿಲ್ಲ; ಆ ತಪ್ಪು ನನ್ನದು.