ಹಿತ್ತಲಿಲ್ಲದ ಊರಿನಲ್ಲಿ ಹಿತ್ತಲ ಗಿಡ

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳುತ್ತ ಬಂದವರು. ಕೈಗೆಟಕುವ ವಸ್ತುವಿನ ಬೆಲೆ ಮನುಷ್ಯನಿಗೆ ತಿಳಿಯದು ಎಂಬುದು ಅದರ ಇಂಗಿತ. ದೆಹಲಿಯಲ್ಲಿ ನೆಲೆಸಿದ ಕನ್ನಡಿಗರ ಮಟ್ಟಿಗೆ ಈ ಗಾದೆಯ ಎರಡು ಕಾಲುಗಳೂ ಈಗ ಸಡಿಲವಾಗಿವೆ. ನಮ್ಮಲ್ಲಿ ಅನೇಕರಿಗೆ ಹಿತ್ತಲೇ ಇಲ್ಲ. ಇನ್ನು, ಗಿಡವೆಂದ ಮಾತ್ರಕ್ಕೆ ಅದು ಮದ್ದೇ ಸರಿ ಎಂದು ನಂಬುವ ಪ್ರವೃತ್ತಿ ಕಳೆದ ಕೆಲವು ವರ್ಷಗಳಿಂದ ಬಲವಾಗಿ ಬೆಳೆದಿದೆ. ತಾತ್ಸಾರ ಒಂದು ತಪ್ಪಾದರೆ ಕುರುಡು ನಂಬಿಕೆ ಇನ್ನೊಂದು ತಪ್ಪು. ಇವೆರಡರ ನಡುವೆ ಒಂದು ಹದವಾದ ದಾರಿ ಉಂಟೆಂಬುದು ನನ್ನ ಅಭಿಪ್ರಾಯ.

ಹಿಂದೆ ಸರೋಜಿನಿ ನಗರ, ನೇತಾಜಿ ನಗರಗಳಂತಹ ಸರ್ಕಾರಿ ವಸತಿಗಳ ಕೆಳಮನೆಯಲ್ಲಿದ್ದವರಿಗೆ ಅಂಗೈಯಗಲದ ನೆಲವಾದರೂ ದೊರೆಯುತ್ತಿತ್ತು. ಊರಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ರೈಲಿನಲ್ಲಿ ತಂದ ದೊಡ್ಡಪತ್ರೆಯ ಕಡ್ಡಿ ಅಲ್ಲಿ ಬೇರೂರುತ್ತಿತ್ತು. ಇಂತಹ ಏಳು ವಸತಿಗಳನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಗೆ 2016ರಲ್ಲಿ ಕೇಂದ್ರ ಸಂಪುಟವು ಒಪ್ಪಿಗೆ ನೀಡಿತು. ಆ ನೆಲದಲ್ಲಿ ಬಹು ಅಂತಸ್ತಿನ ಕಟ್ಟಡಗಳು ಏಳತೊಡಗಿದವು. ನೋಯಿಡಾ, ಗುರುಗ್ರಾಮಗಳಲ್ಲಿ ಮನೆ ಕೊಂಡವರ ಪಾಲಿಗೂ ಬಂದದ್ದು ಮೊಗಸಾಲೆಯಷ್ಟು ಬಾಲ್ಕನಿ. ಆದರೂ ನಿರಾಶೆಗೆ ಕಾರಣವಿಲ್ಲ. ಐದಾರು ಕುಂಡಗಳಿಗೆ ಆ ಜಾಗ ಧಾರಾಳವಾಗಿ ಸಾಕು.

ಯಾವ ಗಿಡ, ಯಾವ ಋತು

ದೆಹಲಿಯ ಹವೆ ನಮ್ಮ ಮಲೆನಾಡಿನದಲ್ಲ, ಮೈಸೂರಿನದೂ ಅಲ್ಲ. ಮೇ ತಿಂಗಳಲ್ಲಿ 45 ಡಿಗ್ರಿಯವರೆಗೆ ಏರುವ ಬಿಸಿಲು, ಬೆಂಕಿಯಂತೆ ಬೀಸುವ 'ಲೂ' ಗಾಳಿ. ಜನವರಿಯಲ್ಲಿ ನಾಲ್ಕೈದು ಡಿಗ್ರಿಗೆ ಇಳಿಯುವ ಚಳಿ. ಊರಿನ ಗಿಡ ಇಲ್ಲಿ ಬಾಳಬೇಕಾದರೆ ಇಲ್ಲಿಯ ಪಂಚಾಂಗವನ್ನು ಒಪ್ಪಿಕೊಳ್ಳಬೇಕು.

ಕರಿಬೇವು ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ರಿಸುತ್ತದೆ. ಅದು ಸತ್ತಿತೆಂದು ಭ್ರಮಿಸಿ ಕಿತ್ತೆಸೆದವರು ಬಹಳ ಮಂದಿ. ಆಗ ನೀರು ಕಡಿಮೆ ಮಾಡಿ, ಫೆಬ್ರವರಿಯ ಕೊನೆಗೆ ತುದಿಗಳನ್ನು ಕತ್ತರಿಸಿ, ಹಳೆಯ ಸಗಣಿಗೊಬ್ಬರ ಕೊಟ್ಟರೆ ಮಾರ್ಚಿಯಲ್ಲಿ ಚಿಗುರುತ್ತದೆ. ಎಲೆಯ ನರಗಳು ಹಸಿರಾಗಿ ಉಳಿದು ನಡುವೆ ಹಳದಿ ಬಂದರೆ ಬಹುಮಟ್ಟಿಗೆ ಕಬ್ಬಿಣದ ಕೊರತೆ. ಇಲ್ಲಿಯ ಕ್ಷಾರ ಮಣ್ಣು ಹಾಗೂ ಗಡಸು ನೀರಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ದೊಡ್ಡಪತ್ರೆಗೆ ಅತಿಯಾದ ನೀರೇ ಶತ್ರು. ಡಿಸೆಂಬರಿನಲ್ಲಿ ಅದನ್ನು ಗೋಡೆಯ ಮರೆಗೆ ಸರಿಸಬೇಕು. ಒಂದೆಲಗಕ್ಕೆ ತೇವವೂ ಅರೆನೆರಳೂ ಬೇಕು; ದೊಡ್ಡ ಗಿಡದ ಬುಡದಲ್ಲಿ ಅಗಲ ಬಾಯಿಯ ಕುಂಡವಿಟ್ಟರೆ ಬೇಸಗೆಯನ್ನು ದಾಟುತ್ತದೆ. ಕೊತ್ತಂಬರಿ, ಮೆಂತ್ಯಗಳನ್ನು ಅಕ್ಟೋಬರ್-ನವೆಂಬರಿನಲ್ಲಿ ಬಿತ್ತಬೇಕು. ಪುದೀನಕ್ಕಂತೂ ಸಂತೆಯ ಕಟ್ಟಿನಲ್ಲಿ ಉಳಿದ ಬಲಿತ ದಂಟೇ ಸಾಕು. ತುಳಸಿ ಚಳಿಗೆ ಕಪ್ಪಾಗಿ ಒಣಗಿದರೆ ಚಿಂತೆ ಬೇಡ. ಬೀಜ ತೆಗೆದಿಟ್ಟು ಮಾರ್ಚಿಯಲ್ಲಿ ಬಿತ್ತಿರಿ.

ಈ ಪಟ್ಟಿಯಲ್ಲಿ ಬಹುಪಾಲು ಅಡಿಗೆಮನೆಯ ಸೊಪ್ಪುಗಳೇ ಎಂಬುದನ್ನು ವಾಚಕರು ಗಮನಿಸಿರಬಹುದು. ಇದು ಉದ್ದೇಶಪೂರ್ವಕ. ದೊಡ್ಡಪತ್ರೆಯ ತಂಬುಳಿ, ಒಂದೆಲಗದ ಚಟ್ನಿ, ಪುದೀನದ ಮಜ್ಜಿಗೆ ಇವು ಮೊದಲು ಆಹಾರ, ಆಮೇಲೆ ಔಷಧಿ. ನಮ್ಮ ಹಿರಿಯರು ಮೂಲಿಕೆಯನ್ನು ಮೊಸರಿನೊಡನೆ ಅರೆದು ಅನ್ನಕ್ಕೆ ಕಲಸಿ ಉಣ್ಣುವ ರೂಢಿ ಮಾಡಿದರು. ಅದರಿಂದ ಪ್ರಮಾಣ ತಾನಾಗಿಯೇ ಮಿತವಾಯಿತು. ಅಳತೆ ತಪ್ಪದಿರುವ ಈ ವ್ಯವಸ್ಥೆಯಲ್ಲಿಯೇ ಅವರ ಜಾಣತನವಿದೆ.

ಹೆಸರಿನ ಗೊಂದಲ

ಹೊರನಾಡಿನಲ್ಲಿ ಮೊದಲು ಕಳೆಯುವುದು ಗಿಡವಲ್ಲ, ಅದರ ಹೆಸರು. ದೊಡ್ಡಪತ್ರೆಯನ್ನು ಇಲ್ಲಿಯ ನರ್ಸರಿಯವರು 'ಅಜವಾಯನ್ ಪತ್ತಾ' ಎನ್ನುತ್ತಾರೆ. ವಾಸನೆ ಓಮದಂತಿದ್ದರೂ ಓಮದ ಕಾಳು ಬರುವುದು ಬೇರೊಂದು ಗಿಡದಿಂದ. 'ಬ್ರಾಹ್ಮಿ' ಎಂದು ಕೇಳಿದರೆ ಕೆಲವರು ಒಂದೆಲಗ ಕೊಡುತ್ತಾರೆ, ಕೆಲವರು ನೀರುಬ್ರಾಹ್ಮಿ ಕೊಡುತ್ತಾರೆ. ಭಾರತದ ಆಯುರ್ವೇದ ಔಷಧಕೋಶದ ಪ್ರಕಾರ ನೀರುಬ್ರಾಹ್ಮಿಯೇ ಬ್ರಾಹ್ಮಿ. ನಮ್ಮ ಒಂದೆಲಗ ಮಂಡೂಕಪರ್ಣಿ. ಅಡಿಗೆಗೆ ಈ ವ್ಯತ್ಯಾಸ ಅಷ್ಟಾಗಿ ಬಾಧಿಸದು. ಔಷಧಿಗೆ ಖಂಡಿತ ಬಾಧಿಸುತ್ತದೆ.

ನಿತ್ಯಪುಷ್ಪದ ಮಾತನ್ನು ಇಲ್ಲಿ ಹೇಳಲೇಬೇಕು. 'ಸದಾಬಹಾರ್' ಎಂಬ ಹೆಸರಿನಿಂದ ದೆಹಲಿಯ ಪ್ರತಿ ಬೀದಿಯಲ್ಲೂ ಅರಳುವ ಈ ಗಿಡದ ಎಲೆಯನ್ನು ಸಕ್ಕರೆ ರೋಗಕ್ಕೆಂದು ಅಗಿಯುವವರಿದ್ದಾರೆ. ಕೆನಡಾದ ವಿಜ್ಞಾನಿಗಳು 1950ರ ದಶಕದಲ್ಲಿ ಇದೇ ನಂಬಿಕೆಯ ಜಾಡು ಹಿಡಿದು ಹೊರಟಾಗ, ಅದು ರಕ್ತದ ಬಿಳಿಕಣಗಳನ್ನು ಕುಗ್ಗಿಸುವುದು ಕಂಡುಬಂದಿತು. ಅದರಿಂದಲೇ ಅರ್ಬುದರೋಗದ ಚಿಕಿತ್ಸೆಗೆ ವಿನ್‌ಬ್ಲಾಸ್ಟೀನ್ ದೊರೆಯಿತು. ಆಸ್ಪತ್ರೆಯಲ್ಲಿ ಅಳೆದು ತೂಗಿ ಕೊಡಬೇಕಾದಷ್ಟು ತೀಕ್ಷ್ಣವಾದ ವಸ್ತುವಿರುವ ಎಲೆಯನ್ನು ಬರಿಹೊಟ್ಟೆಯಲ್ಲಿ ಅಗಿಯುವುದು ವಿವೇಕವೆ?

ಮದ್ದಿನ ಮಿತಿ

ಅಮೃತಬಳ್ಳಿಯ ಕಥೆ ಇನ್ನೂ ಹಸಿಯಾಗಿದೆ. 2020ರ ಮಹಾಮಾರಿಯ ಕಾಲದಲ್ಲಿ 'ಗಿಲೋಯ್' ಎಂಬ ಹೆಸರಿನಲ್ಲಿ ಅದರ ಕಷಾಯವನ್ನು ಮನೆಮನೆಯಲ್ಲೂ ತಿಂಗಳುಗಟ್ಟಲೆ ಕುಡಿದರು. 2021ರಲ್ಲಿ ಮುಂಬಯಿಯ ವೈದ್ಯರು ಇದನ್ನು ಸೇವಿಸಿದ ಆರು ರೋಗಿಗಳಲ್ಲಿ ಯಕೃತ್ತಿನ ಹಾನಿಯನ್ನು ವರದಿ ಮಾಡಿದರು. ಆಯುಷ್ ಸಚಿವಾಲಯವು ಇದನ್ನು ಒಪ್ಪದೆ, ರೋಗಿಗಳು ಸೇವಿಸಿದ್ದು ಅದೇ ಕುಲದ ಬೇರೊಂದು ಬಳ್ಳಿಯಾಗಿರಬಹುದೆಂದು ಹೇಳಿತು. 2022ರಲ್ಲಿ ಹಲವು ಕೇಂದ್ರಗಳ ವೈದ್ಯರು 43 ರೋಗಿಗಳ ವಿವರ ಪ್ರಕಟಿಸಿದರು. ವಾದ ಏನೇ ಇರಲಿ, ಸಾಮಾನ್ಯನಿಗೆ ಪಾಠ ಒಂದೇ: ಗುರುತು ಖಚಿತವಿಲ್ಲದ್ದನ್ನು ಸೇವಿಸಬಾರದು, ಗುರುತು ಖಚಿತವಿದ್ದರೂ ವೈದ್ಯರನ್ನು ಕೇಳದೆ ದಿನಗಟ್ಟಲೆ ಕುಡಿಯಬಾರದು.

ಈ ಮಾತನ್ನು ನಾನು ಪುಸ್ತಕ ಓದಿ ಮಾತ್ರ ಹೇಳುತ್ತಿಲ್ಲ. ಒಂದು ಅಕ್ಟೋಬರಿನಲ್ಲಿ ಮನೆಯವರಿಗೆ ಜ್ವರ ಬಂದಾಗ ನನ್ನದೇ ಕುಂಡದ ತುಳಸಿ, ಅಮೃತಬಳ್ಳಿಗಳ ಕಷಾಯ ಕೊಡುತ್ತ ನಾಲ್ಕು ದಿನ ಕಳೆದೆ. ಐದನೆಯ ದಿನ ರಕ್ತಪರೀಕ್ಷೆಯಲ್ಲಿ ಡೆಂಗಿ ಎಂದು ತಿಳಿಯಿತು. ದೇವರ ದಯೆಯಿಂದ ಅಪಾಯ ಕಳೆಯಿತು. ಕಷಾಯ ಕೆಡುಕು ಮಾಡಿತೆಂದು ನಾನು ಹೇಳಲಾರೆ. ಅದರ ಮೇಲಿನ ಭರವಸೆಯಿಂದ ಆದ ವಿಳಂಬ ಕೆಡುಕು ಮಾಡಬಹುದಿತ್ತು. ಆ ತಪ್ಪು ಗಿಡದ್ದಲ್ಲ, ನನ್ನದು.

ಇನ್ನೊಂದು ಸಂಗತಿಯೂ ಆಗ ಮನಸ್ಸಿಗೆ ಚುಚ್ಚಿತು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ನಿಂತ ತಿಳಿನೀರಿನಲ್ಲಿ. ಕುಂಡದ ಕೆಳಗಿನ ತಟ್ಟೆ ಅದಕ್ಕೆ ಪ್ರಶಸ್ತ ಸ್ಥಳ. 1996ರಲ್ಲಿ ಈ ನಗರದಲ್ಲಿ 400ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ರೋಗವಿದು. ಮೊಟ್ಟೆ ಸೊಳ್ಳೆಯಾಗಲು ಸುಮಾರು ಎಂಟು-ಹತ್ತು ದಿನ ಬೇಕು. ಆದುದರಿಂದ ವಾರಕ್ಕೊಮ್ಮೆ ತಟ್ಟೆಯ ನೀರು ಚೆಲ್ಲಿ, ಉಜ್ಜಿ ಒಣಗಿಸಿದರೆ ಆ ಸರಪಳಿ ಕಡಿಯುತ್ತದೆ. ಒಂದು ಕೈಯಲ್ಲಿ ಮದ್ದು ಬೆಳೆದು ಇನ್ನೊಂದು ಕೈಯಲ್ಲಿ ರೋಗ ಸಾಕುವುದು ಯಾವ ನ್ಯಾಯ?

ಮಣ್ಣಿನ ವಿಷಯದಲ್ಲೂ ಎಚ್ಚರ ಅಗತ್ಯ. ಯಮುನೆಯ ನೆರೆಬಯಲಿನಲ್ಲಿ ಆಹಾರಬೆಳೆ ಬೆಳೆಯುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿ ನಿಷೇಧಿಸಿದ್ದು ಅಲ್ಲಿಯ ಮಾಲಿನ್ಯದ ಕಾರಣದಿಂದಲೇ. ಸೀಸ ಬೆರೆತ ಪೆಟ್ರೋಲಿನ ಮಾರಾಟ ಇಲ್ಲಿ 1998ರಲ್ಲಿ ನಿಂತರೂ ಅದರ ಸೀಸ ರಸ್ತೆಬದಿಯ ಮಣ್ಣಿನಿಂದ ಸುಲಭವಾಗಿ ತೊಲಗುವಂಥದಲ್ಲ. ಆದ್ದರಿಂದ ಸಿಕ್ಕಲ್ಲಿಯ ಮಣ್ಣನ್ನು ತುಂಬದೆ ತಿಳಿದ ಮೂಲದ ಮಣ್ಣು, ಗೊಬ್ಬರ ಬಳಸಬೇಕು. ಧೂಳು ಕುಳಿತ ಎಲೆಯನ್ನು ಎರಡು ಮೂರು ನೀರಿನಲ್ಲಿ ತೊಳೆಯಬೇಕು.

ಕೊನೆಯದಾಗಿ ನಮ್ಮ ಸಂಘದ ಮುಂದೆ ಒಂದು ವಿನಂತಿ. ಬೆಂಗಳೂರಿನಲ್ಲಿ 1993ರಲ್ಲಿ ಸ್ಥಾಪಿತವಾದ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನ ಪ್ರತಿಷ್ಠಾನವು ಮನೆಯಂಗಳದ ಮೂಲಿಕಾವನಗಳನ್ನು ಹಳ್ಳಿಹಳ್ಳಿಗೆ ಒಯ್ದಿದೆ. ಅಷ್ಟು ದೊಡ್ಡ ಕಾರ್ಯ ನಮ್ಮಿಂದಾಗದು. ಆದರೆ ಯುಗಾದಿಯ ಕೂಟದಲ್ಲಿ ಒಂದು ಮೇಜನ್ನು ಕಡ್ಡಿ, ಬೀಜಗಳ ವಿನಿಮಯಕ್ಕೆ ಮೀಸಲಿಡಬಹುದು. ಕುಂಡಕ್ಕೊಂದು ಚೀಟಿ ಅಂಟಿಸಿ ಅದರಲ್ಲಿ ಕನ್ನಡದ ಹೆಸರು, ಹಿಂದಿಯ ಹೆಸರು, ಸಸ್ಯಶಾಸ್ತ್ರದ ಹೆಸರು, ಒಂದು ಅಡಿಗೆ, ಒಂದು ಎಚ್ಚರಿಕೆ ಇಷ್ಟನ್ನು ಬರೆಯಬಹುದು. ನಮ್ಮ ಹಿರಿಯ ತಾಯಂದಿರಿಗೆ ಇದರಲ್ಲಿ ಬಹುಪಾಲು ಬಾಯಿಪಾಠ. ಬರೆದಿಡುವ ಕೆಲಸ ಮಕ್ಕಳದಾಗಲಿ. ದೆಹಲಿಯಲ್ಲಿ ಹುಟ್ಟಿದ ಮಗು ಒಂದೆಲಗವನ್ನು ಹೆಸರು ಹಿಡಿದು ಗುರುತಿಸಿದರೆ, ಭಾಷೆಯೂ ಉಳಿಯಿತು, ಆರೋಗ್ಯವೂ ಉಳಿಯಿತು.

ಹಿತ್ತಲು ಹೋಯಿತೆಂದು ಹಲುಬುವುದು ಬೇಡ. ನಾಲ್ಕೇ ಗಿಡ ಬೆಳೆಯೋಣ. ಆ ನಾಲ್ಕನ್ನು ಚೆನ್ನಾಗಿ ತಿಳಿದು ಬೆಳೆಯೋಣ.