ಎಂಜಿನ್ನಿನ ಟಿಕ್ ಟಿಕ್: ಕಿವಿ ಕೊಡಿ, ಗಾಬರಿ ಬೇಡ



ಮಿಕ್ಸಿಯ ಸದ್ದು ಬದಲಾದರೆ ಚಟ್ನಿಗೆ ನೀರು ಸಾಲದು ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ಒಗ್ಗರಣೆಯಲ್ಲಿ ಸಾಸಿವೆಯ ಚಟಪಟ ನಿಂತರೆ ನಡುಮನೆಯಲ್ಲಿದ್ದರೂ ಓಡಿ ಬರುತ್ತೇವೆ. ಕುಕ್ಕರು ಸೀಟಿ ಹಾಕದೆ ಬರೀ ಬುಸುಗುಟ್ಟುತ್ತಿದ್ದರೆ ಗ್ಯಾಸ್ಕೆಟ್ ಹೋಯಿತು ಅಂತ ತಿಳಿಯುತ್ತದೆ. ಇಷ್ಟು ಸೂಕ್ಷ್ಮವಾದ ಕಿವಿ ಇಟ್ಟುಕೊಂಡು ಕಾರಿನ ಬಾನೆಟ್ ಎತ್ತಿದ ಕೂಡಲೇ ಮಾತ್ರ "ಅದೆಲ್ಲ ಗಂಡಸರ ವಿಷಯ ಬಿಡ್ರೀ" ಎಂದು ಹಿಂದೆ ಸರಿಯುತ್ತೇವಲ್ಲ, ಯಾಕೆ?

ತಿಪಟೂರಿನ ಸೋದರಿಯೊಬ್ಬರ ಪತ್ರ ಓದಿದಾಗಿನಿಂದ ಈ ಪ್ರಶ್ನೆ ನನ್ನನ್ನು ಕಾಡುತ್ತಿದೆ. ಅವರ ಯಜಮಾನರು ನಿವೃತ್ತ ಉಪಾಧ್ಯಾಯರು. ಮನೆಯಲ್ಲಿ ಇಪ್ಪತ್ತೈದು ವರ್ಷ ದಾಟಿದ ಮಾರುತಿ 800 ಇದೆ. ಒಂದು ತಿಂಗಳಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಮುಂದುಗಡೆ ಟಿಕ್ ಟಿಕ್ ಅಂತ ಬೇಗಬೇಗನೆ ಸದ್ದು. ಹತ್ತು ನಿಮಿಷ ಓಡಿದ ಮೇಲೆ ಬಹುಪಾಲು ನಿಂತುಹೋಗುತ್ತದಂತೆ. ಗ್ಯಾರೇಜಿಗೆ ಒಯ್ದರೆ, "ಎಂಜಿನ್ ಪೂರ್ತಿ ಬಿಚ್ಚಬೇಕು, ನಲವತ್ತು ಸಾವಿರ ಆಗುತ್ತೆ" ಎಂದರಂತೆ. ಆ ನಲವತ್ತು ಸಾವಿರ ಮಗಳ ಬಾಣಂತನಕ್ಕೆಂದು ಎತ್ತಿಟ್ಟ ಹಣ. ಮಗಳು ಮುಂದಿನ ತಿಂಗಳು ಬರುತ್ತಾಳೆ. ನಡುರಾತ್ರಿ ನೋವು ಬಂದರೆ ಆಸ್ಪತ್ರೆಗೆ ಹೋಗಲು ಕಾರೂ ಬೇಕು. "ಹಣ ಉಳಿಸಲೋ, ಕಾರು ಉಳಿಸಲೋ ಹೇಳಿ ಅಕ್ಕಾ" ಎಂದು ಕೇಳಿದ್ದಾರೆ.

ಸೋದರಿ, ನಿಮಗೆ ಉತ್ತರ ಕೊಡುವ ಮೊದಲು ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು.

2006ರ ಮಾತು. ನಾವಾಗ ಸಾಗರದಲ್ಲಿದ್ದೆವು. ನಮ್ಮದೂ ಒಂದು ಹಳೆಯ ಸೆಕೆಂಡ್ ಹ್ಯಾಂಡ್ ಕಾರು. ಸುಮಾರು ದಿನದಿಂದ ಎಂಜಿನ್ ಟಿಕ್ ಟಿಕ್ ಅನ್ನುತ್ತಿತ್ತು. ನಾನು ಒಮ್ಮೆ ಹೇಳಿದೆ. "ಹಳೇ ಗಾಡಿ ಅಂದ ಮೇಲೆ ಸದ್ದು ಇರದೆ ಇರುತ್ತೇನೇ?" ಎಂದು ನಮ್ಮವರು ಟೇಪ್ ರೆಕಾರ್ಡರಿನ ಸದ್ದು ಏರಿಸಿದರು. ನಾನೂ ಸುಮ್ಮನಾದೆ. ಒಂದು ದಿನ ಅಮ್ಮನಿಗೆ ಎದೆನೋವು. ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಶಿವಮೊಗ್ಗಕ್ಕೆ ಹೊರಟೆವು. ಕುಂಸಿ ದಾಟುವಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಮಿಣುಕಿತು. ನಿಲ್ಲಿಸಲು ಮನಸ್ಸು ಬರಲಿಲ್ಲ. ಆಯನೂರಿನ ಹತ್ತಿರ ಟಿಕ್ ಟಿಕ್ ಹೋಗಿ ಡಬ್ ಡಬ್ ಆಯಿತು, ಆಮೇಲೆ ಎಂಜಿನ್ನೇ ನಿಂತಿತು. ಯಾರೋ ಪುಣ್ಯಾತ್ಮರು ತಮ್ಮ ಜೀಪಿನಲ್ಲಿ ಕರೆದೊಯ್ದರು. ಅಮ್ಮ ಉಳಿದರು. ಆದರೆ ರಸ್ತೆ ಬದಿಯಲ್ಲಿ ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಆ ಮುಕ್ಕಾಲು ಗಂಟೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ಕಾರಣ ಏನು ಗೊತ್ತೇ? ಎಂಜಿನ್ ಆಯಿಲ್ ಹನಿಹನಿಯಾಗಿ ಸೋರಿ ಖಾಲಿಯಾಗಿತ್ತು. ಡಿಪ್‌ಸ್ಟಿಕ್ ಎಳೆದು ನೋಡಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ಕಿವಿಗೆ ಬಿದ್ದದ್ದನ್ನು ನಾನು ಎರಡನೇ ಸಲ ಹೇಳಲಿಲ್ಲ, ಅಷ್ಟೇ.

ಆಮೇಲೆ ನಾನು ಹಟ ಹಿಡಿದು ಕಲಿತೆ. ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಟಿಕ್ ಟಿಕ್ ಎಂಬ ಒಂದೇ ಸದ್ದಿಗೆ ಹತ್ತು ಕಾರಣ ಇರಬಹುದು. ಹತ್ತು ರೂಪಾಯಿಯಲ್ಲಿ ಮುಗಿಯುವುದೂ ಉಂಟು, ಎಂಜಿನ್ನಿಗೇ ಕುತ್ತು ತರುವುದೂ ಉಂಟು. ಯಾವುದು ಎಂದು ತಿಳಿಯಲು ಸದ್ದು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ನೋಡಬೇಕು.

ಮೊದಲು ಆಯಿಲ್. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಐದು ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ ಎಳೆದು ಹಳೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆಯಿರಿ. ತುದಿಯಲ್ಲಿ ಎರಡು ಗುರುತು ಇರುತ್ತವೆ. ಆಯಿಲ್ ಆ ಎರಡರ ನಡುವೆ ಇರಬೇಕು. ಕೆಳಗಿನ ಗುರುತಿಗಿಂತ ಕಡಿಮೆ ಇದ್ದರೆ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಸ್ವಲ್ಪ ಸ್ವಲ್ಪ ಹಾಕಿ ನೋಡಿ. ಮೇಲಿನ ಗುರುತು ಮೀರಬಾರದು. ಇನ್ನೊಂದು ಮಾತು. ಡ್ಯಾಶ್‌ಬೋರ್ಡಿನಲ್ಲಿ ಗಿಂಡಿಯ ಮೂತಿಯಿಂದ ಹನಿ ತೊಟ್ಟಿಕ್ಕುವಂಥ ಕೆಂಪು ಚಿತ್ರ ಇದೆಯಲ್ಲ, ಓಡುವಾಗ ಅದು ಹತ್ತಿದರೆ ಪಕ್ಕಕ್ಕೆ ನಿಲ್ಲಿಸಿ ತಕ್ಷಣ ಎಂಜಿನ್ ಆರಿಸಿ. "ಇನ್ನೇನು ಊರು ಬಂತು" ಅಂತ ಓಡಿಸಬೇಡಿ. ನಾವು ಮಾಡಿದ್ದು ಅದನ್ನೇ.

ಎರಡನೆಯದು, ಸದ್ದು ನಿಂತ ಕಾರಿನಲ್ಲೂ ಇದೆಯೇ ನೋಡಿ. ಕಾರು ನಿಂತಾಗ ಇಲ್ಲದೆ ಉರುಳುವಾಗ ಮಾತ್ರ ಬಂದರೆ ಅದು ಎಂಜಿನ್ನಿನದಲ್ಲ. ಟೈರಿನ ಗೆರೆಯಲ್ಲಿ ಸಿಕ್ಕಿದ ಕಲ್ಲುಹರಳೋ ಮೊಳೆಯೋ ಇರಬಹುದು. ತಿರುವಿನಲ್ಲಿ ಮಾತ್ರ ಕಟಕಟ ಅಂದರೆ ಮುಂದಿನ ಚಕ್ರದ ಆ್ಯಕ್ಸಲ್ ಜಾಯಿಂಟ್ ನೋಡಿಸಬೇಕು.

ನಿಂತಾಗಲೂ ಸದ್ದು ಇದೆಯೇ? ಹಾಗಾದರೆ ಅದು ಹಗುರವೋ, ಭಾರವೋ ಕೇಳಿ. ದೂರದಲ್ಲಿ ಯಾರೋ ಹೊಲಿಗೆ ಯಂತ್ರ ತುಳಿಯುತ್ತಿರುವಂತೆ ಹಗುರವಾಗಿ, ಒಂದೇ ತಾಳದಲ್ಲಿ, ಎಂಜಿನ್ನಿನ ಮೇಲ್ಭಾಗದಿಂದ ಬಂದರೆ ಬಹಳ ಮಟ್ಟಿಗೆ ಅದು ಟ್ಯಾಪೆಟ್. ಮಾರುತಿ 800ರಲ್ಲಿ ಮೂರು ಸಿಲಿಂಡರು, ಒಟ್ಟು ಆರು ವಾಲ್ವ್. ಪೆಟ್ರೋಲ್ ಗಾಳಿ ಒಳಗೆ ಬರುವುದೂ ಹೊಗೆ ಹೊರಗೆ ಹೋಗುವುದೂ ಈ ಬಾಗಿಲುಗಳಿಂದಲೇ. ಬಾಗಿಲು ತಳ್ಳುವ ತೋಳಿಗೂ ವಾಲ್ವಿಗೂ ನಡುವೆ ಕೂದಲೆಳೆಯಷ್ಟು ಅಂತರ ಬಿಟ್ಟಿರುತ್ತಾರೆ. ವರ್ಷಗಟ್ಟಲೆ ಸವೆದು ಅಂತರ ಹೆಚ್ಚಿದರೆ ತೋಳು ಬಂದು ಬಡಿಯುತ್ತದೆ, ಟಿಕ್ ಎನ್ನುತ್ತದೆ. ಇದಕ್ಕೆ ಎಂಜಿನ್ ಬಿಚ್ಚಬೇಕಾಗಿಲ್ಲ. ಮೇಲಿನ ಮುಚ್ಚಳ ತೆಗೆದು, ಫೀಲರ್ ಗೇಜ್ ಎಂಬ ತೆಳು ಪಟ್ಟಿಗಳಿಂದ ಅಳೆದು, ಸ್ಕ್ರೂ ತಿರುಗಿಸಿ ಸರಿಮಾಡುತ್ತಾರೆ. ಇದು ಹಳೆಯ ಕಾರುಗಳ ಮಾತು. ಹೊಸ ಕಾರುಗಳಲ್ಲಿ ಹಲವಕ್ಕೆ ಆಯಿಲಿನ ಒತ್ತಡದಿಂದ ತಾನೇ ಸರಿಹೋಗುವ ಟ್ಯಾಪೆಟ್ ಇರುತ್ತದೆ. ಅಲ್ಲಿ ಸ್ಕ್ರೂ ಇರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಮೆಕ್ಯಾನಿಕ್ಕಿಗೆ "ಸದ್ದೇ ಬರಬಾರದು, ಬಿಗಿಮಾಡಿ" ಎಂದು ಹೇಳಬೇಡಿ. ಸಡಿಲ ಟ್ಯಾಪೆಟ್ ಸದ್ದು ಮಾಡುತ್ತದೆ, ಆದರೆ ಎಂಜಿನ್ನನ್ನು ಬೇಗ ಕೊಲ್ಲುವುದಿಲ್ಲ. ತೀರಾ ಬಿಗಿಯಾದರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ, ಬೆಂಕಿ ತಗುಲಿ ಸುಟ್ಟುಹೋಗುತ್ತದೆ, ಅದೂ ಸದ್ದಿಲ್ಲದೆ! "ಕೈಪಿಡಿಯಲ್ಲಿ ಇರುವ ಅಳತೆಗೆ ಇಡಿ" ಎನ್ನಿ, ಸಾಕು. ಸದ್ದು ಮುಚ್ಚಲು ದಪ್ಪ ಆಯಿಲ್ ಹಾಕಿಸುವುದೂ ಬೇಡ. ಅದು ಜ್ವರ ಇಳಿಸದೆ ಥರ್ಮಾಮೀಟರ್ ಬಚ್ಚಿಟ್ಟ ಹಾಗೆ.

ಸದ್ದು ಭಾರವಾಗಿ, ಒನಕೆ ಕುಟ್ಟಿದಂತೆ ಎಂಜಿನ್ನಿನ ಕೆಳಗಡೆಯಿಂದ ಬರುತ್ತಿದ್ದರೆ, ಆ್ಯಕ್ಸಿಲರೇಟರ್ ಒತ್ತಿದಾಗ ಹೆಚ್ಚಾದರೆ, ಎಂಜಿನ್ ಬಿಸಿಯಾದರೂ ಹೋಗದಿದ್ದರೆ, ಅದು ಒಳಗಿನ ಬೇರಿಂಗ್ ಸವೆದ ಲಕ್ಷಣ. ಇಂಥ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ಎಳೆಸಿಕೊಂಡು ಹೋಗಿ. ಆಗ ಮಾತ್ರ ಬಿಚ್ಚುವ ಮಾತು ನ್ಯಾಯವಾದದ್ದು.

ಇನ್ನು ತಿಪಟೂರಿನ ಸೋದರಿಗೆ. ನಿಮ್ಮ ಪತ್ರದಲ್ಲಿ ಒಂದು ಸಾಲು ನನ್ನ ಕಣ್ಣು ಸೆಳೆಯಿತು. ತಣ್ಣಗಿದ್ದಾಗ ಜೋರು, ಬಿಸಿಯಾದ ಮೇಲೆ ಕಡಿಮೆ ಎಂದಿದ್ದೀರಿ. ನಿಮ್ಮ ಕಾರಿನ ಎಂಜಿನ್ನಿನ ತಲೆ ಅಲ್ಯೂಮಿನಿಯಮ್ಮಿನದು. ಬಿಸಿಗೆ ಅದು ಹಿಗ್ಗಿ ಟ್ಯಾಪೆಟ್ಟಿನ ಅಂತರ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಹಾಗಾಗಿ ಟ್ಯಾಪೆಟ್ ಆಗಿದ್ದರೆ ಸದ್ದು ಬಿಸಿಯಾದ ಮೇಲೂ ಉಳಿಯಬೇಕಿತ್ತು. ಸ್ಟಾರ್ಟ್ ಮಾಡಿದ ಕೆಲವು ಸೆಕೆಂಡು ಮಾತ್ರ ಸದ್ದಿದ್ದರೆ, ರಾತ್ರಿ ಕೆಳಗಿಳಿದ ಆಯಿಲ್ ಮೇಲೇರುವವರೆಗಿನದು ಎನ್ನಬಹುದಿತ್ತು. ಹತ್ತು ನಿಮಿಷ ಅಂದರೆ ನನಗೆ ಬೇರೆ ಅನುಮಾನ. ಎಂಜಿನ್ನಿಗೆ ಸೈಲೆನ್ಸರಿನ ಪೈಪು ಕೂಡುವಲ್ಲಿ, ಮ್ಯಾನಿಫೋಲ್ಡಿನ ಹತ್ತಿರ, ಒಂದು ಗ್ಯಾಸ್ಕೆಟ್ ಇರುತ್ತದೆ. ಅದು ಹಳತಾದರೆ, ಇಲ್ಲವೇ ನಟ್ಟು ಸಡಿಲವಾದರೆ, ಹೊಗೆ ಆ ಸಂದಿನಿಂದ ಟಿಕ್ ಟಿಕ್ ಎಂದು ಹೊರಡುತ್ತದೆ. ಕಬ್ಬಿಣ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಂಡು ಸದ್ದು ನಿಲ್ಲುತ್ತದೆ. ನಿಮ್ಮ ಕುಕ್ಕರಿನ ಗ್ಯಾಸ್ಕೆಟ್ಟಿನ ಕಥೆಯೇ!

ಹೀಗೆ ನೋಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಸ್ಟಾರ್ಟ್ ಮಾಡುವ ಮೊದಲೇ, ಕೀಲಿ ತೆಗೆದಿಟ್ಟು ಆ ಜೋಡಣೆಯ ಸುತ್ತ ಟಾರ್ಚ್ ಬಿಡಿ. ಒಲೆಯ ಮಸಿಯಂಥ ಕಪ್ಪು ಗೆರೆ ಕಂಡರೆ ಹೊಗೆ ಅಲ್ಲಿಂದಲೇ ಬರುತ್ತಿದೆ ಎಂದುಕೊಳ್ಳಿ. ಆಮೇಲೆ ಕಾರನ್ನು ಬಯಲಿನಲ್ಲಿ ನಿಲ್ಲಿಸಿ ಯಜಮಾನರಿಗೆ ಸ್ಟಾರ್ಟ್ ಮಾಡಲು ಹೇಳಿ. ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪಿನ ಮೂರಡಿ ತುಂಡು ತೆಗೆದುಕೊಳ್ಳಿ. ಒಂದು ತುದಿ ಕಿವಿಯ ಬಳಿ, ಇನ್ನೊಂದು ತುದಿ ಎಂಜಿನ್ನಿನ ಬಳಿ. ಡಾಕ್ಟರ ಸ್ಟೆತಸ್ಕೋಪಿನಂತೆ ಸದ್ದು ಎಲ್ಲಿ ಜೋರು ಎಂದು ಅದು ಹೇಳುತ್ತದೆ. ಆದರೆ ಇದಕ್ಕೆ ಮೊದಲು ಸೆರಗು ಬಿಗಿಯಾಗಿ ಸಿಕ್ಕಿಸಿ, ಜಡೆ ಮೇಲಕ್ಕೆ ಕಟ್ಟಿ, ಮಾಂಗಲ್ಯದ ಸರ ರವಿಕೆಯೊಳಗೆ ಹಾಕಿಕೊಳ್ಳಿ. ಬೆಲ್ಟಿನ ಹತ್ತಿರವೂ ಫ್ಯಾನಿನ ಹತ್ತಿರವೂ ಕೈ, ಪೈಪು ಬೇಡವೇ ಬೇಡ. ಆ ಫ್ಯಾನ್ ನಿಂತಿದ್ದರೂ ಹೇಳದೆ ಕೇಳದೆ ತಿರುಗಲು ಶುರುಮಾಡುತ್ತದೆ. ಪ್ಲಗ್ಗಿನ ವೈರುಗಳನ್ನು ಮುಟ್ಟಲೇಬಾರದು.

ಅನುಮಾನ ನಿಜವಾದರೆ ಇದು ನಲವತ್ತು ಸಾವಿರದ ಕೆಲಸವಲ್ಲ. ಗ್ಯಾಸ್ಕೆಟ್ ಬದಲಿಸಿ ನಟ್ಟು ಬಿಗಿಮಾಡುವ ಕೆಲಸ. ತುಕ್ಕು ಹಿಡಿದ ಬೋಲ್ಟು ಬಿಚ್ಚುವಾಗ ತುಂಡಾದರೆ ಮಾತ್ರ ಕೂಲಿ ಸ್ವಲ್ಪ ಹೆಚ್ಚಾದೀತು, ಅದನ್ನು ಮೊದಲೇ ಕೇಳಿಕೊಳ್ಳಿ.

ಹಾಗೆಂದು "ಬಿಸಿಯಾದ ಮೇಲೆ ನಿಲ್ಲುತ್ತದಲ್ಲ, ಇರಲಿ ಬಿಡಿ" ಎಂದು ಮುಂದೂಡಬೇಡಿ ಸೋದರಿ. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸಂದಿನಿಂದ ಕಾರಿನೊಳಗೆ ನುಸುಳಿದರೆ ತಲೆನೋವು, ತಲೆಸುತ್ತು, ವಾಕರಿಕೆ. ಹೆಚ್ಚಾದರೆ ಜೀವಕ್ಕೇ ಅಪಾಯ. ಗರ್ಭಿಣಿಗೂ ಹೊಟ್ಟೆಯಲ್ಲಿರುವ ಮಗುವಿಗೂ ಅದು ಇನ್ನೂ ಕೆಟ್ಟದ್ದು. ನಾಳೆ ಬಾಣಂತಿಯನ್ನೂ ಹಸುಗೂಸನ್ನೂ ಗಾಳಿ ಸೋಕಬಾರದೆಂದು ಗಾಜು ಏರಿಸಿ ಕರೆತರುವುದು ಇದೇ ಕಾರಿನಲ್ಲಿ ತಾನೇ? ಮಗಳು ಬರುವ ಮೊದಲೇ ಸರಿಮಾಡಿಸಿ. ಅಲ್ಲಿಯವರೆಗೆ ಗಾಜು ಇಳಿಸಿಯೇ ಓಡಿಸಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಡಬೇಡಿ. ಈ ಮಾತು ಎಲ್ಲ ಸೋದರಿಯರಿಗೂ, ಎಲ್ಲ ಕಾರುಗಳಿಗೂ.

ಗ್ಯಾರೇಜಿಗೆ ಹೋಗುವಾಗ ನೀವೂ ಜೊತೆಗೆ ಹೋಗಿ. "ಏನೋ ಸದ್ದು ಬರುತ್ತೆ ನೋಡಪ್ಪಾ" ಎಂದರೆ ಅವನಾದರೂ ಏನು ಮಾಡಿಯಾನು? ಚೀಟಿಯಲ್ಲಿ ಬರೆದುಕೊಂಡು ಹೋಗಿ: ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಮೇಲೋ ಕೆಳಗೋ, ಹಗುರವೋ ಭಾರವೋ, ಆಯಿಲ್ ಎಷ್ಟಿತ್ತು. ಕಾರನ್ನು ಹಿಂದಿನ ರಾತ್ರಿಯೇ ಬಿಟ್ಟು ಬನ್ನಿ. ಬೆಳಿಗ್ಗೆ ತಣ್ಣಗಿರುವಾಗ ಅವನೇ ಸ್ಟಾರ್ಟ್ ಮಾಡಿ ಕೇಳಲಿ. ಆಗಲೂ ಎಂಜಿನ್ ಬಿಚ್ಚಲೇಬೇಕು ಅಂದರೆ, "ಯಾಕೆ, ಯಾವ ಭಾಗ ಸವೆದಿದೆ?" ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್ ಬೇಸರಪಡುವುದಿಲ್ಲ, ತೋರಿಸಿ ಹೇಳುತ್ತಾನೆ. ಹೇಳದಿದ್ದರೆ ಇನ್ನೊಂದು ಗ್ಯಾರೇಜಿನಲ್ಲಿ ಕೇಳಿ.

ನಮ್ಮ ಮನೆಯಲ್ಲಿ ಈಗ ಪ್ರತಿ ಭಾನುವಾರ ಬೆಳಿಗ್ಗೆ ಕಾಫಿಗೆ ಮೊದಲು ಡಿಪ್‌ಸ್ಟಿಕ್ ನೋಡುವುದು ನನ್ನ ಕೆಲಸ. ನಮ್ಮವರು ಪಕ್ಕದಲ್ಲಿ ಹಳೆ ಬಟ್ಟೆ ಹಿಡಿದು ನಿಂತಿರುತ್ತಾರೆ. ಮೊದಮೊದಲು ಬೀದಿಯವರು ನಕ್ಕರು. ಈಗ ಎದುರುಮನೆಯಾಕೆ, "ಅಕ್ಕಾ, ನಮ್ಮ ಗಾಡಿದೂ ಸ್ವಲ್ಪ ಕೇಳ್ತೀರಾ?" ಎಂದು ಕರೆಯುತ್ತಾಳೆ.

ತಿಪಟೂರಿನ ಸೋದರಿ, ಮಸಿಯ ಗೆರೆ ಕಂಡಿತೋ ಇಲ್ಲವೋ ಬರೆಯಿರಿ. ಮೊಮ್ಮಗುವಿನ ಸುದ್ದಿಯನ್ನಂತೂ ಮರೆಯದೆ ತಿಳಿಸಿ.

ನಿಮ್ಮ ಅಕ್ಕ