ಚಾರ್ಟಿನಲ್ಲಿ ಮಳೆ ಎಲ್ಲುಂಟು?

ಲೈಬ್ರರಿಯಲ್ಲಿರುವ ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟುಗಳನ್ನು ಒಮ್ಮೆ ತಿರುವಿ ಹಾಕಿ. ಎಲ್ಲದರಲ್ಲೂ ಒಂದು ಗ್ಯಾಂಟ್ ಚಾರ್ಟ್ ಉಂಟು, ಎಲ್ಲವೂ ಒಂದೇ ತರ: ಮೇಲಿಂದ ಕೆಳಗೆ ಇಳಿಯುವ ನೀಲಿ ಮೆಟ್ಟಿಲು. ಯಾವ ಕೆಲಸವೂ ಒಂದು ದಿನ ತಡ ಆದದ್ದಿಲ್ಲ, ಯಾರಿಗೂ ಜ್ವರ ಬಂದದ್ದಿಲ್ಲ, ಮಳೆಯಂತೂ ಬಿದ್ದದ್ದೇ ಇಲ್ಲ. ಉಡುಪಿ ಜಿಲ್ಲೆಯಲ್ಲಿ ಕೂತು ಇಂಥ ಚಾರ್ಟ್ ಮಾಡ್ಲಿಕ್ಕೆ ಧೈರ್ಯ ಬೇಕು ಮಾರಾಯ್ರೆ!

ಸಾಫ್ಟ್‌ವೇರ್ ತೆರೆದಾಗ ಏನು ಕಾಣ್ತದೋ ಅದನ್ನೇ ಪ್ರಿಂಟ್ ಕೊಡುವುದು ಇದಕ್ಕೆ ಮುಖ್ಯ ಕಾರಣ ಅಂತ ನಮ್ಮ ಅಭಿಪ್ರಾಯ. ಮೈಕ್ರೋಸಾಫ್ಟ್ ಪ್ರಾಜೆಕ್ಟಿನ ಸ್ಟ್ಯಾಂಡರ್ಡ್ ಕ್ಯಾಲೆಂಡರ್ ಅಂದ್ರೆ ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 8ರಿಂದ ಸಂಜೆ 5, ನಡುವೆ ಒಂದು ಗಂಟೆ ಊಟ. ನಾವು ಹಾಕದಿದ್ದರೆ ಅದರಲ್ಲಿ ಯುಗಾದಿಯೂ ಇಲ್ಲ, ಚೌತಿಯೂ ಇಲ್ಲ. ರಜೆಯ ದಿನಗಳ ಬೂದು ಪಟ್ಟಿ ಬಾರ್‌ನ ಹಿಂದೆ ಅಡಗಿರ್ತದೆ. ಹಾಗಾಗಿ ಗುರುವಾರ ಶುರುವಾದ ಐದು ದಿನದ ಕೆಲಸ ಏಳು ದಿನದ ಉದ್ದಕ್ಕೆ ಚಾಚಿಕೊಂಡು, ಶನಿವಾರ ಭಾನುವಾರವೂ ಯಾರೋ ದುಡಿದ ಹಾಗೆ ಕಾಣ್ತದೆ. ಟೈಮ್‌ಸ್ಕೇಲ್ ಸೆಟ್ಟಿಂಗಿನಲ್ಲಿ ಆ ಪಟ್ಟಿಯನ್ನು ಬಾರ್‌ನ ಮುಂದೆ ತಂದರೆ ಸಾಕು, ಕೆಲಸ ಎಲ್ಲಿ ನಿಂತಿತ್ತು ಅಂತ ಗೊತ್ತಾಗ್ತದೆ.

ಹಿರಿಯಡ್ಕದಂಥ ಪೇಟೆಯ ಗೇಟು-ಗ್ರಿಲ್ ವರ್ಕ್‌ಶಾಪನ್ನು ತಗೊಳ್ಳಿ. ಕಾರ್ಕಳ ಕಡೆಯದ್ದೊಂದು ಆರ್ಡರ್, ಹೆಬ್ರಿ ಕಡೆಯದ್ದೊಂದು. ಅಲ್ಲಿ ಶನಿವಾರ ಕೆಲಸದ ದಿನ. ಜೂನ್ ಬಂತು ಅಂದ್ರೆ ಪೇಂಟ್ ಬೇಗ ಒಣಗುವುದಿಲ್ಲ. ಆಟಿಯಲ್ಲಿ ಮನೆ ಒಕ್ಕಲು ಇಲ್ಲ, ಆಟಿ ಕಳೆದ ಮೇಲೆ ಎಲ್ಲರಿಗೂ ಒಟ್ಟಿಗೇ ಗೇಟು ಬೇಕು. ಆರ್ಡರ್‌ಗೆ ಒಂದು ಸಾಲಿನಂತೆ ಚಾರ್ಟ್ ಇಟ್ಟರೆ ಗಿರಾಕಿಯ ಫೋನಿಗೆ ಧನಿ ಉತ್ತರ ಕೊಡಬಹುದು. ಆದರೆ ವೆಲ್ಡರ್‌ಗೆ ಅದರಿಂದ ಎಂತ ಪ್ರಯೋಜನ? ಅವನಿಗೆ ಬೇಕಾದದ್ದು ಯಂತ್ರಕ್ಕೊಂದು ಸಾಲು: ಕಟ್ಟಿಂಗ್ ಮೆಷಿನ್‌ನಲ್ಲಿ ಈಗ ಯಾರದ್ದು, ಮುಂದೆ ಯಾರದ್ದು. ಟೈಮ್‌ಸ್ಕೇಲ್ ಗಂಟೆಯಲ್ಲಿರಬೇಕು, ತಿಂಗಳಲ್ಲಿಟ್ಟರೆ ಎರಡು ಗಂಟೆಯ ಕಟ್ಟಿಂಗ್ ಒಂದು ಚುಕ್ಕಿ ಅಷ್ಟೆ. ಡೇಟಾ ಒಂದೇ, ನೋಟ ಎರಡು. ಯಾರಿಗೆ ತೋರಿಸ್ತೇವೆ ಅಂತ ತೀರ್ಮಾನಿಸದೆ ಬಣ್ಣ ಆರಿಸುವುದರಲ್ಲಿ ಅರ್ಥವಿಲ್ಲ. (ಬಣ್ಣದ ಮಾತು ಬಂತಲ್ಲ: ಜೆರಾಕ್ಸಿನಲ್ಲಿ ಕೆಂಪೂ ನೀಲಿಯೂ ಬೂದು. ಗೆರೆಯ ಪ್ಯಾಟರ್ನ್ ಹಾಕಿ.)

ಯಂತ್ರವಾರು ಸಾಲು ಹೊಸ ಫ್ಯಾಷನ್ ಅಲ್ಲ. ಹೆನ್ರಿ ಗ್ಯಾಂಟ್ (1861–1919) ಅಮೆರಿಕದ ಕಾರ್ಖಾನೆಗಳಿಗಾಗಿ ರೂಪಿಸಿದ ಚಾರ್ಟುಗಳಲ್ಲಿ ಯಂತ್ರಕ್ಕೊಂದು, ಕೆಲಸಗಾರನಿಗೊಂದು ಸಾಲು ಇರ್ತಿತ್ತು. ಅಂದುಕೊಂಡದ್ದೆಷ್ಟು, ಆದದ್ದೆಷ್ಟು ಅಂತ ಅಕ್ಕಪಕ್ಕ ಗೆರೆ ಎಳೀತಿದ್ದರು. ಅಂದ್ರೆ ತಡ ಆದದ್ದು ಕಾಣಲಿ ಅಂತಲೇ ಹುಟ್ಟಿದ ಚಾರ್ಟ್ ಇದು. ಇವತ್ತಿನ ಸಾಫ್ಟ್‌ವೇರಿನಲ್ಲಿ ಅದಕ್ಕೆ ಬೇಸ್‌ಲೈನ್ ಅಂತಾರೆ. ಕೆಲಸ ಶುರುವಾಗುವ ಮೊದಲೇ ಅದನ್ನು ಉಳಿಸಿಡಬೇಕು, ಆಮೇಲೆ ಟ್ರ್ಯಾಕಿಂಗ್ ಗ್ಯಾಂಟ್ ನೋಟದಲ್ಲಿ ಎರಡೂ ಒಟ್ಟಿಗೆ ಕಾಣ್ತವೆ. ಕ್ರಿಟಿಕಲ್ ಟಾಸ್ಕ್‌ಗಳನ್ನು ಕೆಂಪಾಗಿಸುವುದು ಒಂದು ಟಿಕ್ ಮಾರ್ಕಿನ ಕೆಲಸ. ಲೈಸೆನ್ಸ್‌ಗೆ ದುಡ್ಡಿಲ್ಲ ಅನ್ನುವವರಿಗೆ ಉಚಿತವಾದ ಗ್ಯಾಂಟ್‌ಪ್ರಾಜೆಕ್ಟ್ ಉಂಟು. ಅದರಲ್ಲೂ ಬೇಸ್‌ಲೈನ್, ಕ್ರಿಟಿಕಲ್ ಪಾತ್ ಎರಡೂ ಇವೆ.

"ತಡ ತೋರಿಸಿದ್ರೆ ರಿವ್ಯೂನಲ್ಲಿ ಮಾರ್ಕ್ಸ್ ಕಟ್" ಅಂತ ಗೆಳೆಯರು ಹೇಳುವುದುಂಟು. ಭಯ ಸುಳ್ಳಲ್ಲ. ಆದರೆ ಸೆನ್ಸರ್ ಕೊರಿಯರ್‌ನಲ್ಲಿ ಸಿಕ್ಕಿಹಾಕಿಕೊಂಡು ಮೂರು ವಾರ ಹೋಯ್ತು ಅಂತ ಚಾರ್ಟ್ ಹೇಳದಿದ್ದರೆ, ಟೆಸ್ಟಿಂಗ್ ಯಾಕೆ ಎರಡೇ ದಿನದಲ್ಲಿ ಮುಗೀತು ಅನ್ನುವ ಪ್ರಶ್ನೆಗೆ ವೈವಾದಲ್ಲಿ ಉತ್ತರ ಎಲ್ಲಿಂದ ತರ್ತೀರಿ? ಗೈಡ್‌ಗಳಲ್ಲೂ ನಮ್ಮ ವಿನಂತಿ: ಮೆಟ್ಟಿಲು ಚಂದ ಉಂಟಾ ಅಂತ ನೋಡಬೇಡಿ, ಬೇಸ್‌ಲೈನ್ ಎಲ್ಲಿ ಅಂತ ಕೇಳಿ. ನಮ್ಮ ಉಡುಪಿ ಮೇಲೆ ಹಾದುಹೋಗುವ ಕೊಂಕಣ ರೈಲ್ವೆ ಪ್ರತಿ ವರ್ಷ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ ಹೊರಡಿಸ್ತದೆ. ರೈಲು ನಿಧಾನ ಹೋಗ್ತದೆ ಅಂತ ಮೊದಲೇ ಬರೆದಿರ್ತಾರೆ. ಅದಕ್ಕೆ ಯಾರೂ ಮಾರ್ಕ್ಸ್ ಕಟ್ ಮಾಡಿದ್ದಿಲ್ಲ.

ಈ ಸೆಮಿಸ್ಟರಿನ ಮೊದಲ ರಿವ್ಯೂಗೆ ಇನ್ನೂ ಸಮಯ ಉಂಟು. ಕ್ಯಾಲೆಂಡರಿಗೆ ಇಂಟರ್ನಲ್ಸ್, ಹಬ್ಬದ ರಜೆ, ಡಿ.ಸಿ. ಕೊಡುವ ಮಳೆ ರಜೆಗಾಗಿ ನಾಲ್ಕು ದಿನ ಹಾಕಿ, ಆಮೇಲೆ ಬೇಸ್‌ಲೈನ್ ಒತ್ತಿ.